ಚಾರ್ಟಿನಲ್ಲಿ ಕೆಂಪಾದ ಅಡುಗೆಮನೆ

ಈ ಬೇಸಿಗೆಯಲ್ಲಿ ನಾನೊಂದು ಹೋಟೆಲ್ ಮುಚ್ಚಿಸಿದೆ.

ಸಾಂಬಾರಿನಲ್ಲಿ ಜಿರಲೆ ಸಿಕ್ಕಿತೆಂದು ದೂರು ಕೊಟ್ಟೆನೇ? ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಚಾರ್ಟ್ ಮಾಡಿದೆ. ಅಷ್ಟೇ ಸಾಕಾಯಿತು.

ನನ್ನ ಉದ್ಯೋಗ ಗೊತ್ತಿಲ್ಲದವರಿಗೆ ಒಂದು ಮಾತು. ಆಫೀಸ್ ಕಟ್ಟಡಗಳಿಗೆ ಎಷ್ಟು ಕರೆಂಟ್ ಬೇಕು, ಖರ್ಚೆಷ್ಟು ಎಂದು ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ ಕೊಡುವವಳು ನಾನು. ದೊಡ್ಡ ಕಟ್ಟಡಗಳು ಬಳಸಿದ ಯೂನಿಟ್ಟಿಗಷ್ಟೇ ದುಡ್ಡು ಕಟ್ಟಿದರೆ ಸಾಲದು. ಯಾವುದೋ ಒಂದು ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ಓಡಿ ಕರೆಂಟ್ ಸಿಕ್ಕಾಪಟ್ಟೆ ಎಳೆದರೆ, ಆ ಎಳೆತಕ್ಕೂ ತೆರಬೇಕು. ಅದೇ ಡಿಮ್ಯಾಂಡ್ ಚಾರ್ಜ್. (ಮನೆಗಳಿಗೆ ಈ ಕಾಟವಿಲ್ಲ. ಸದ್ಯಕ್ಕೆ.)

ಚೆನ್ನೈನ ಎಗ್ಮೋರಿನಲ್ಲಿ ಒಂದು ಕಟ್ಟಡ. ನೆಲಮಹಡಿಯಲ್ಲಿ ಕುಂದಾಪುರ ಕಡೆಯ ಶ್ರೀಧರಣ್ಣನವರ ಹೋಟೆಲ್. ಮೇಲಿನ ಆಫೀಸುಗಳವರಿಗೆಲ್ಲ ಮಧ್ಯಾಹ್ನ ಅಲ್ಲೇ ಊಟ. ಕರೆಂಟ್ ಖರ್ಚು ಇಳಿಸಬೇಕೆಂದು ಕಟ್ಟಡದ ಮಾಲೀಕರು ನನ್ನನ್ನು ಕರೆಸಿದರು. ಮೀಟರ್ ನೋಡಲು ಹೋದಾಗೆಲ್ಲ ಶ್ರೀಧರಣ್ಣ ಎಲೆ ಹಾಕಿಸುತ್ತಿದ್ದರು. ದುಡ್ಡು ಕೊಟ್ಟರೆ, "ಕನ್ನಡದವ್ರತ್ರ ಎಂತ ದುಡ್ಡು ತಕೊಳ್ಳುದು ಮೇಡಂ!" ಎನ್ನುತ್ತಿದ್ದರು.

ಸಾಫ್ಟ್‌ವೇರಿನಲ್ಲಿ ಕಟ್ಟಡದ ಮಾಡೆಲ್ ಮಾಡಿ ಓಡಿಸಿದೆ. ಊಟದ ಹೊತ್ತಿಗೆ ಮುಂಚೆ ಎಸಿಗಳ ಜೊತೆ ಹೋಟೆಲಿನ ಗ್ರೈಂಡರ್, ಕರೆಂಟ್ ಒಲೆ ಎಲ್ಲ ಸೇರಿ ಕರೆಂಟಿನ ಗೆರೆ ಮೇಲಕ್ಕೆ ಜಿಗಿಯುತ್ತಿತ್ತು. (ಗ್ಯಾಸ್ ಬೇಡ, ಕರೆಂಟ್ ಒಲೆ ಹಾಕಿಸಿ ಎಂದು ಹಟ ಹಿಡಿದವರು ಇದೇ ಮಾಲೀಕರು.) ವರದಿಯಲ್ಲಿ ಬರೆದೆ: ಕಟ್ಟಡದ ಗಾಜಿನ ಗೋಡೆಗೆ ನೆರಳು ಮಾಡಿ, ಬಿಸಿಲು ತಗ್ಗಿದರೆ ಎಸಿ ಕಡಿಮೆ ಓಡುತ್ತದೆ. ಹೋಟೆಲಿನವರು ರುಬ್ಬುವ ಕೆಲಸ ಬೆಳಿಗ್ಗೆ ಬೇಗ ಮುಗಿಸಲಿ.

ಚಾರ್ಟಿನಲ್ಲಿ ಎಸಿಗೆ ತಿಳಿನೀಲಿ ಬಣ್ಣ, ಹೋಟೆಲಿಗೆ ಕೆಂಪು. ನೀಲಿ ಕೆಂಪಿನ ಎಷ್ಟೋ ಪಟ್ಟು ದೊಡ್ಡದಿತ್ತು. ಆದರೆ ಕಣ್ಣಿಗೆ ಹೊಡೆಯುವುದು ಯಾವುದು?

ಮೀಟಿಂಗಿನಲ್ಲಿ ಮಾಲೀಕರು ವರದಿ ತಿರುವಿ ನೋಡಲೇ ಇಲ್ಲ. ಪರದೆಯ ಕೆಂಪಿಗೆ ಬೆರಳು ಮಾಡಿ, "ಇದ ಎಡುತ್ತುಟ್ಟಾ ಪೋದುಮೇ" ಎಂದರು. ಇದನ್ನು ತೆಗೆದುಬಿಟ್ಟರೆ ಸಾಕಲ್ಲ!

"ಗಾಜಿಗೆ ನೆರಳು ಮಾಡಿದರೆ ಇದಕ್ಕಿಂತ ಜಾಸ್ತಿ ಉಳಿಯುತ್ತೆ ಸರ್" ಎಂದೆ.

"ಗಾಜು ನೋಡಿಯೇ ಬಾಡಿಗೆಗೆ ಬರುವುದು ಮೇಡಂ." (ಮಾತೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ.)

ಹೋಟೆಲಿನ ಲೀಸ್ ಮುಂದುವರಿಯಲಿಲ್ಲ. ಶ್ರೀಧರಣ್ಣ ಕಾರಣ ಕೇಳಿದ್ದಕ್ಕೆ ಮಾಲೀಕರು ತಜ್ಞರ ಸಲಹೆ ಎಂದರಂತೆ. ಆ ತಜ್ಞೆ ನಾನು!

ಸುದ್ದಿ ತಿಳಿದು ಓಡಿದೆ. ಬೆಂಚುಗಳನ್ನೆಲ್ಲ ಗೋಡೆಗೆ ಒರಗಿಸಿದ್ದರು. ಶ್ರೀಧರಣ್ಣ ಪಾತ್ರೆಗಳನ್ನು ಗೋಣಿಗೆ ತುಂಬಿಸುತ್ತಿದ್ದರು.

"ಎಂತ ಮೇಡಂ, ನಮ್ಮನ್ನ ತೆಗೀಲಿಕ್ಕೆ ನೀವೇ ಬರ್ದದ್ದಾ?"

"ಇಲ್ಲಣ್ಣಾ, ರುಬ್ಬೋ ಟೈಮ್ ಮಾತ್ರ ಬದಲಾಯ್ಸಿ ಅಂತ ಬರ್ದಿದ್ದೆ."

"ಅದನ್ನ ನನ್ನತ್ರ ಹೇಳಿದ್ರೆ ಮರುದಿವ್ಸದಿಂದ್ಲೇ ಮಾಡ್ತಿದ್ದೆ ಅಲ್ದಾ?"

ಅವರ ಗ್ರೈಂಡರಿನ ಲೆಕ್ಕ ಬರೆದುಕೊಂಡಿದ್ದೆ, ಒಲೆಯ ಲೆಕ್ಕ ಬರೆದುಕೊಂಡಿದ್ದೆ, ಅವರನ್ನು ಒಂದು ಮಾತು ಕೇಳಿರಲಿಲ್ಲ. ನನಗೆ ಫೀಸ್ ಕೊಡುವವರು ಅವರಲ್ಲವಲ್ಲ!

"ಅಡುಗೆಯವ್ರೆಲ್ಲ?"

"ಕೆಲವ್ರು ಊರಿಗೆ ಹೋದ್ರು. ದೋಸೆ ಮಂಜ ಪೆರಂಬೂರಲ್ಲಿ ಒಂದ್ಕಡೆ ಸೇರಿದ. ನಾನು ಇನ್ನು ಈ ಪ್ರಾಯದಲ್ಲಿ ಬೇರೆಯವ್ರ ಗಲ್ಲಾದಲ್ಲಿ ಕೂರುದು."

ಕಾಫಿ ಕುಡೀತೀರಾ ಎಂದು ಅವರು ಕೇಳಲಿಲ್ಲ. ಮೊದಲ ಸಲ.

ಈಗ ಆ ಜಾಗದಲ್ಲಿ ಶೋರೂಮ್. ಹಗಲಿಡೀ ಎಸಿ, ಹಗಲಿಡೀ ದೀಪ. ಮೇಲಿನವರು ಮನೆಯಿಂದ ಡಬ್ಬಿ ತರುತ್ತಿದ್ದಾರೆ. ಪ್ರತಿ ಮಹಡಿಗೂ ಮೈಕ್ರೋವೇವ್, ಕೆಟಲ್, ಕಾಫಿ ಮೆಷಿನ್ ಬಂದಿವೆ. ಒಂದು ಗಂಟೆ ಹೊಡೆಯುತ್ತಲೇ ಎಲ್ಲವೂ ಒಟ್ಟಿಗೆ ಆನ್!

ಹೋಟೆಲ್ ಹೋದರೆ ಇಷ್ಟು ಜನ ಎಲ್ಲಿ ಉಣ್ಣುತ್ತಾರೆ? ಸಾಫ್ಟ್‌ವೇರ್ ಕೇಳಲಿಲ್ಲ. ಅದಕ್ಕೆ ಹೊಟ್ಟೆಯಿಲ್ಲ, ಒಪ್ಪಿದೆ. ನನಗೇನಾಗಿತ್ತು?

ಕಳೆದ ವಾರ ಮಾಲೀಕರ ಫೋನ್. "ಡಿಮ್ಯಾಂಡ್ ಮೊದಲಿಗಿಂತ ಜಾಸ್ತಿಯಾಗಿದೆ. ನಿಮ್ಮ ಮಾಡೆಲ್ಲೇ ತಪ್ಪು ಮೇಡಂ."

"ಈಗಲಾದರೂ ಗಾಜಿಗೆ ನೆರಳು ಮಾಡಿಸೋಣವೇ ಸರ್?"

"ಅದೆಲ್ಲ ಬೇಡ. ಇನ್ನೊಂದು ಸಲ ಓಡಿಸಿ ನೋಡಿ."

ಓಡಿಸಬಹುದು. ಈ ಸಲ ಯಾರನ್ನು ಹೊರಗೆ ಹಾಕುವ ಯೋಚನೆಯೋ?