ಹಸುವಿಗೆ ಹಾಕಿದ ಮೊಸರನ್ನ

ಅಂದು ನಾನು ಊಟ ಮಾಡಿರಲಿಲ್ಲ. ಮಾಡಿದೆ ಎಂದು ಡಾಕ್ಟರಿಗೆ ಹೇಳಿದ್ದು ಸುಳ್ಳು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ — ಆ ಸುಳ್ಳಿನಿಂದ ಬಂದ ಕೆಟ್ಟ ಹೆಸರನ್ನು ನನ್ನ ಅತ್ತೆ ಇಪ್ಪತ್ತಾರು ವರ್ಷ ಹೊತ್ತರು, ನಾನು ಸುಮ್ಮನಿದ್ದೆ.

ಆಗ ನನಗೆ ಎಂಟು ತಿಂಗಳು. ಎರಡು ಬಸಿರು ಇಳಿದುಹೋದ ಮೇಲೆ ನಿಂತ ಮಗು. ಏಕಾದಶಿ ತಪ್ಪಿಸುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೆ; ತಪ್ಪಿಸಿದರೆ ಇದೂ ಉಳಿಯದೇನೋ ಎಂಬ ಹೆದರಿಕೆ. "ಬಸುರಿಗೆ ಉಪವಾಸ ಇಲ್ವೇ, ಹುಚ್ಚಿ" ಎಂದು ಅತ್ತೆ ಎಷ್ಟೋ ಸಲ ಹೇಳಿದ್ದರು. ತಾವು ಹನಿ ನೀರು ಮುಟ್ಟದ ದಿನ, ಅನ್ನಕ್ಕೆ ಒಲೆಯನ್ನೇ ಹಚ್ಚದ ದಿನ, ನನಗೋಸ್ಕರ ಹಚ್ಚಿದರು. ಮೊಸರನ್ನ ಕಲಸಿ, ಡಬ್ಬಿಗೆ ತುಂಬಿ, ಸ್ಕ್ಯಾನಿಗೆ ಮುಂಚೆ ತಿನ್ನು ಎಂದು ಕೊಟ್ಟರು. ನಾನು ಮೈಲಾಪೂರಿನ ಗುಡಿಯ ಬೀದಿಯಲ್ಲಿ ಆಟೋ ನಿಲ್ಲಿಸಿ ಅದನ್ನು ಹಸುವಿಗೆ ಹಾಕಿದೆ. ಪುಣ್ಯ ಬಂತು ಎಂದೂ ಅಂದುಕೊಂಡೆ.

ಮಗುವಿನ ರಕ್ತದ ಓಟ ನೋಡುವ ಸ್ಕ್ಯಾನು ಅದು. ಡಾಕ್ಟರಮ್ಮ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. "ಸಾಪ್ಟೀಂಗಳಾಮ್ಮಾ?" — ಊಟ ಆಯಿತೇ ಎಂದು ತಮಿಳಿನಲ್ಲಿ ಕೇಳಿದರು. ತಾಯಿ ಹಸಿದಿದ್ದರೆ ಒಳಗಿನ ಓಟವೂ ಬೇರೆಯಾಗಿ ಕಾಣಬಹುದು. ತಿಂದಿಲ್ಲವಾದರೆ ಹೇಳಿ, ತಿಂದು ಬನ್ನಿ, ಮತ್ತೆ ನೋಡೋಣ ಎಂದರು. ಎಷ್ಟು ಸುಲಭದ ದಾರಿ —

"ಆಚ್ಚು ಡಾಕ್ಟರ್" ಎಂದೆ. ಆಯಿತು ಎಂದೆ.

ಅಡ್ಮಿಟ್ ಮಾಡಿಕೊಂಡರು, ಡ್ರಿಪ್ ಹಾಕಿದರು. ಮರುದಿನ ದ್ವಾದಶಿ, ಇಡ್ಲಿ ಕೇಳಿ ಹಾಕಿಸಿಕೊಂಡು ತಿಂದೆ. ಮತ್ತೆ ನೋಡಿದಾಗ ಎಲ್ಲ ಸರಿಯಿತ್ತು. ದೇವರು ದೊಡ್ಡವನು, ಮಗಳು ದಿನ ತುಂಬಿಯೇ ಹುಟ್ಟಿದಳು. ಆದರೆ ಆ ದ್ವಾದಶಿಯ ಬೆಳಿಗ್ಗೆ ಡಾಕ್ಟರಮ್ಮ ನನ್ನ ಯಜಮಾನರಿಗೆ, ಇವರಿಗೆ ಊಟ ಸಾಲುತ್ತಿಲ್ಲ, ಮನೆಯಲ್ಲಿ ಸರಿಯಾಗಿ ಊಟ ಹಾಕಿ ಎಂದುಬಿಟ್ಟರು. ಯಜಮಾನರು ನನ್ನ ಮಂಚದ ಪಕ್ಕದಲ್ಲೇ ತಾಯಿಯನ್ನು ಕೇಳಿದರು: "ಬಸುರಿಗೂ ಅನ್ನ ಹಾಕದಷ್ಟು ವ್ರತವೇನಮ್ಮಾ ನಿಂದು?"

ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆಯ ಕಡೆ ತಿರುಗಿದೆ.

ಈಗ ಆ ಮಗಳಿಗೇ ಎಂಟು ತಿಂಗಳು. ಹೋದ ಏಕಾದಶಿಯಂದು ಅವಳು ಸ್ಕ್ಯಾನಿಗೆ ಹೊರಟಾಗ ಅತ್ತೆ, ಎಂಬತ್ತು ದಾಟಿದ ಕೈಯಲ್ಲಿ, ಡಬ್ಬಿ ಹಿಡಿದು ನಿಂತಿದ್ದರು.

"ವೇಂಡಾಂ, ಬೇಡ ಅಜ್ಜಿ. ಅಮ್ಮನ್ನ ಉಪವಾಸ ಕೆಡವಿದವರು ನಂಗೆ ಊಟ ಕೊಡ್ತೀರಾ?" ಎಂದು ಮಗಳು ನಕ್ಕಳು. ತಮಾಷೆಗೇ ಅಂದದ್ದು.

ಆಗ ಹೇಳಿದೆ — ಅಲ್ಲೇ ಬಾಗಿಲಲ್ಲಿ, ಇಬ್ಬರ ಮುಂದೆ. ಡಬ್ಬಿ, ಹಸು, ಸುಳ್ಳು, ಎಲ್ಲ.

ಅತ್ತೆ ಬಯ್ಯಲಿಲ್ಲ. "ಡಬ್ಬಿ ಖಾಲಿ ಬಂದಿತ್ತಲ್ಲೇ ಸುಧಾ... ಒಂದು ಡಬ್ಬಿ ಸಾಲದೇ ಹೋಯ್ತೇನೋ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."

ಮಗಳು ಡಬ್ಬಿ ತೆಗೆದುಕೊಂಡು, ಅಲ್ಲೇ ಕೂತು ತಿಂದಳು. ಅಂದಿನಂತೆಯೇ ಹನಿ ನೀರು ಮುಟ್ಟದ ಅತ್ತೆ, ಎದುರು ನಿಂತು ನೋಡಿದರು.

ಯಜಮಾನರಿಗೆ ಹೇಳುವುದು ಇನ್ನೂ ಇದೆ. ಇವತ್ತು ಹೇಳುತ್ತೇನೆ. ತಾಯಿಗೆ ಆ ಮಾತು ಅಂದವರು ಅವರು, ಅನ್ನಿಸಿದವಳು ನಾನು.