ಮರ್ಯಾದೆಯ ಹೊಗೆ, ನನ್ನ ಮೂಗು

"ದಿನಕ್ಕ ಎಷ್ಟು ಸೇದತೀರಿ?"

ಡಾಕ್ಟರು ಕೇಳಿದ್ದು ನನ್ನನ್ನು. ಹೌದು, ನನ್ನನ್ನೇ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಹಣೆಗೆ ಕಾಸಿನಗಲ ಕುಂಕುಮ ಇಡುವ, ಐವತ್ತು ದಾಟಿದ ಹೆಂಗಸನ್ನು! ತಿಂಗಳುಗಟ್ಟಲೆ ಔಷಧ ನುಂಗಿದರೂ ನನ್ನ ನೆಗಡಿ ಬಿಟ್ಟಿರಲಿಲ್ಲ, ವಾಸನೆಯೂ ತಿಳಿಯದಾಗಿತ್ತು. ಗೋಕುಲ ರಸ್ತೆಯ ಕ್ಲಿನಿಕ್ಕಿನಲ್ಲಿ ನನ್ನ ಮೂಗಿನೊಳಗೆ ಟಾರ್ಚು ಬಿಟ್ಟು, ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದು.

"ನಾನಾ? ಏನ್ ಮಾತಂತ ಆಡತೀರಿ ಡಾಕ್ಟರ!" ಎಂದೆ.

ಅವರು ನನ್ನನ್ನು ಬಿಟ್ಟು ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರ ಕಡೆ ತಿರುಗಿದರು. ಆ ನೋಟಕ್ಕೇ ನಮ್ಮವರು ಬೆವರಿಬಿಟ್ಟರು. ಪಾಪ, ಊಟವಾದ ಮೇಲೆ ನಾಲ್ಕು ಕಾಳು ಬಡೇಸೋಪು ಬಿಟ್ಟರೆ ಬಾಯಿಗೆ ಬೇರೇನೂ ಹಾಕದ ಮನುಷ್ಯ.

"ನಾ ಅಡಕಿ ಸೈತ ತಿನ್ನೂದಿಲ್ರಿ" ಎಂದು ತೊದಲಿದರು. ಡಾಕ್ಟರು ನಂಬಲಿಲ್ಲ. (ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನಾನೂ ನಂಬಲಿಲ್ಲ.)

"ಬರೇ ಧೂಳು ಅಂದ್ರ ಇಷ್ಟೊತ್ತಿಗೆ ಔಷಧಕ್ಕ ಕೇಳಬೇಕಿತ್ರಿ. ಎಲ್ಲಿಂದರ ಹೊಗಿ ಬರಾಕತ್ತೈತಿ ನೋಡ್ರಿ. ಮೂಗಿನೊಳಗ ಸಣ್ಣ ಸಣ್ಣ ಕೂದಲಿನಂಥಾವು ಇರತಾವ. ಕಸಾ ಹೊಡದು ಹೊರಗ ಹಾಕೂದು ಅವುಗಳ ಕೆಲಸ. ದಿನಾ ಹೊಗಿ ಬಿತ್ತಂದ್ರ ಅವು ಕೆಲಸಾ ಬಿಡತಾವ. ಒಳಗೆಲ್ಲಾ ಬಾತು, ದಾರಿ ಬಂದ್ ಆಗಿ ಸೈನಸ್ ತುಂಬಿಕೋತೈತಿ. ಯಾರು ಸೇದಿದ್ರೇನು, ಹೊಗಿಗೆ ಎಲ್ಲಾರ ಮೂಗೂ ಒಂದ" ಎಂದರು.

ಅಂದರೆ ನನ್ನ ಮೂಗಿನೊಳಗೆ ಕಸ ಗುಡಿಸುವವರ ಮುಷ್ಕರ ನಡೆದಿತ್ತು. ಮೊದಲು ಹೊಗೆ ನಿಲ್ಲಬೇಕು, ಇಲ್ಲದಿದ್ದರೆ ಎಷ್ಟು ಸ್ಪ್ರೇ ಹೊಡೆದರೂ ದಂಡ, ಕೊನೆಗೆ ಆಪರೇಷನ್ನೇ ಗತಿ. ಇಷ್ಟು ಹೇಳಿ ಡಾಕ್ಟರು ನಮ್ಮವರನ್ನು ಇನ್ನೊಮ್ಮೆ ದುರುಗುಟ್ಟಿ ನೋಡಿ ಕಳಿಸಿದರು.

ಹೊಗೆ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಅದು ಬರುತ್ತಿದ್ದುದು ಮರ್ಯಾದೆಯಿಂದ.

ಬಿಡಿಸಿ ಹೇಳುತ್ತೇನೆ. ನಮ್ಮ ಮನೆ ಕೇಶ್ವಾಪುರದಲ್ಲಿ. ಪಕ್ಕದ್ದು ಶಿವರುದ್ರಪ್ಪ ಕಾಕಾರ ಮನೆ. ಅವರಾಚೆಗಿರುವುದು ಬ್ಲೌಸು ಹೊಲಿಯುವ ಮೆಹರೂನ್ ಆಪಾರ ಮನೆ. ಕಾಕಾರ ಮನೆಗೆ ಎರಡೂ ಕಡೆ ಒಬ್ಬರು ನಡೆಯುವಷ್ಟು ಸಂದಿ. ಈ ಕಡೆಯ ಸಂದಿಗೆ ನಮ್ಮ ಅಡುಗೆಮನೆಯ ಕಿಟಕಿ ತೆರೆದುಕೊಳ್ಳುತ್ತದೆ.

ಕಾಕಾ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವ ಹಿರಿಯರು. ಮೂರು ಹೊತ್ತೂ ಹಣೆಯ ಮೇಲೆ ವಿಭೂತಿ. "ನಮ್ಮ ಮನ್ಯಾಗ ಬೀಡಿ, ಸಿಗರೇಟು ಅನ್ನೂ ಶಬ್ದನ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಮಾತು ಖರೆ. ಮನೆಯೊಳಗೆ ಇಲ್ಲವೇ ಇಲ್ಲ. ಎಲ್ಲಾ ಸಂದಿಯಲ್ಲಿದೆ!

ಅಂಗಡಿಗೆ ಹೋಗುವ ಮುಂಚೆ, ಅಂಗಡಿಯಿಂದ ಬಂದ ಮೇಲೆ, ಈಗ ವ್ಯಾಪಾರ ನೋಡಿಕೊಳ್ಳುವ ಕಾಕಾರ ಮಕ್ಕಳು ಬಸಣ್ಣ ಮತ್ತು ಮಲ್ಲಣ್ಣ ಈ ಸಂದಿಗೆ ಬರುತ್ತಾರೆ. ಬಸಣ್ಣನಿಗೆ ಈಗಾಗಲೇ ಮೊಮ್ಮಗ ಹುಟ್ಟಿದ್ದಾನೆ. ಆದರೆ ಅಪ್ಪನ ಎದುರಿಗೆ ಸೇದುವುದುಂಟೇ? ಒಳಗೆ ಕಾಕಾ ಕೆಮ್ಮಿದರೆ ಸಾಕು, ಇಬ್ಬರೂ ಸಿಗರೇಟನ್ನು ಮುಷ್ಟಿಯೊಳಗೆ ಮುಚ್ಚಿ ಗೋಡೆಗೆ ಅಂಟಿಕೊಳ್ಳುತ್ತಾರೆ. ಹೊಗೆ ಅಪ್ಪನ ಕಡೆ ಹೋಗಬಾರದಲ್ಲ? ಅದಕ್ಕೆ ತಮ್ಮ ಮನೆಗೆ ಬೆನ್ನು ಹಾಕಿ, ನನ್ನ ಕಿಟಕಿಯ ಕಡೆ ಮುಖ ಮಾಡಿ ಬಿಡುತ್ತಾರೆ.

ಇವರಿಬ್ಬರನ್ನೇ ಯಾಕೆ ಬೈಯಲಿ? ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡರೆ ಹಳೆಯ ವಿದ್ಯಾರ್ಥಿಗಳು ಸಿಗರೇಟನ್ನು ಬೆನ್ನ ಹಿಂದೆ ಹಿಡಿದು "ನಮಸ್ಕಾರ್ರಿ ಟೀಚರ" ಅನ್ನುತ್ತಾರೆ. ಬೆನ್ನ ಹಿಂದೆ ನಿಂತವರ ಮುಖಕ್ಕೆ ಹೊಗೆ ಹೊಡೆಯುತ್ತಿರುತ್ತದೆ. ನಮ್ಮ ಕಡೆ ಮರ್ಯಾದೆ ಕೊಡುವುದು ಹಿರಿಯರ ಕಣ್ಣಿಗೆ ಮಾತ್ರ. ಮೂಗಿಗೆ ಮರ್ಯಾದೆ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

"ನೇರವಾಗಿ ಹೇಳಬಾರದಿತ್ತೇ?" ಅಂತೀರಿ. ಹೇಳಲು ಹೋದೆನಲ್ಲ! ಕ್ಲಿನಿಕ್ಕಿನಿಂದ ಬಂದ ಸಂಜೆಯೇ, ಸಂದಿಯಲ್ಲಿ ಕಡ್ಡಿ ಗೀರಿದ ಸಪ್ಪಳ ಕೇಳಿದ್ದೇ ತಡ, ಕಿಟಕಿಯನ್ನು ಧಡಾರನೆ ತೆಗೆದೆ. 'ನಿಮ್ಮ ಹೊಗಿಯಿಂದ ನನ್ನ ಮೂಗು ಹೋಗೇತಿ' ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿ ತಯಾರಿತ್ತು. ಬಸಣ್ಣ ಗಾಬರಿಯಾಗಿ, ನಾಚಿ, "ಆರಾಮ ಇದ್ದೀರಿಲ್ಲೋ ಟೀಚರ?" ಎಂದ.

ನನ್ನ ಬಾಯಿಂದ ಬಂದದ್ದು: "ಚಹಾ ಕುಡೀತೀರೇನ್ರಿ?"

ಏನು ಮಾಡಲಿ? ನಮ್ಮಲ್ಲಿ ಇದು ಬಿಕ್ಕಳಿಕೆಯ ಹಾಗೆ. ಮನೆಯ ಹತ್ತಿರ ಯಾರೇ ನಿಂತರೂ ತಾನಾಗಿಯೇ ಬಂದುಬಿಡುತ್ತದೆ. ಕೇಳಿಸಿಕೊಂಡವರು "ಬ್ಯಾಡ್ರಿ, ಈಗ ಆತು" ಅನ್ನಬೇಕು, ಅದು ರೂಢಿ. ಬಸಣ್ಣ, ಮಲ್ಲಣ್ಣ ಇಬ್ಬರೂ ಅನ್ನಲಿಲ್ಲ. "ಅರ್ಧರ್ಧ ಕೊಡ್ರಿ" ಅಂದರು. ಕಿಟಕಿಯ ಸರಳಿನ ನಡುವೆ ಎರಡು ಕಪ್ಪು ದಾಟಿಸಿದೆ. ಚಹಾ ಆದಮೇಲೆ ಏನು ಬೇಕಾಗುತ್ತದೆ? ಇನ್ನೊಂದು ಸಿಗರೇಟು.

ಅಂದಿನಿಂದ ನಮ್ಮ ಸಂದಿ ಹೋಟೆಲ್ ಆಯಿತು. ಮೊದಲು ಅವಸರದಲ್ಲಿ ಎರಡು ಝುರಕಿ ಎಳೆದು ಓಡುತ್ತಿದ್ದವರು ಈಗ ಆರಾಮಾಗಿ ನಿಂತು ಕಾಳಿನ ರೇಟು ಮಾತಾಡತೊಡಗಿದರು. ಒಂದು ದಿನ ಮಲ್ಲಣ್ಣ ಕಪ್ಪು ವಾಪಸು ಕೊಡುತ್ತಾ, "ಶುಂಠಿ ಸ್ವಲ್ಪ ಹೆಚ್ಚ ಹಾಕ್ರಿ ಟೀಚರ, ನಿಮ್ಮ ನೆಗಡಿಗೂ ಛಲೋ" ಎಂದು ಸಲಹೆ ಕೊಟ್ಟ!

ನಮ್ಮವರು 'ಇಲ್ಲಿ ಧೂಮಪಾನ ಮಾಡಬಾರದು' ಎಂದು ನನ್ನಿಂದಲೇ ದುಂಡಗೆ ಬರೆಸಿ ಕಿಟಕಿಗೆ ಅಂಟಿಸಿದರು. ಬಸಣ್ಣ ಪೂರ್ತಿ ಓದಿದ. "ಛಲೋ ಮಾಡಿದ್ರಿ. ಸಂದಿ ಕಂಡ್ರ ಯಾರ್ಯಾರೋ ಬಂದು ಸೇದಿಬಿಡತಾರ" ಎಂದು ಹೇಳಿ ಕಡ್ಡಿ ಗೀರಿದ. ಕಿಟಕಿ ಮುಚ್ಚಿ ನೋಡಿದೆ. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ನಮ್ಮವರು ಕೆಮ್ಮಿ ಕೆಮ್ಮಿ ಸುಸ್ತಾದರು.

ಅಲ್ಲಿಯವರೆಗೆ ನಗುತ್ತಿದ್ದೆ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಒಲೆ ಹಚ್ಚಲೆಂದು ಲೈಟರ್ ಕೈಗೆತ್ತಿಕೊಂಡಿದ್ದೆ. ಅಂಗಳದಲ್ಲಿದ್ದ ನಮ್ಮವರು "ಏ, ಹಚ್ಚಬ್ಯಾಡ! ಗ್ಯಾಸ್ ವಾಸನಿ!" ಎಂದು ಕೂಗುತ್ತಾ ಓಡಿಬಂದರು. ಸಿಲಿಂಡರಿನ ರೆಗ್ಯುಲೇಟರ್ ಸಡಿಲಾಗಿತ್ತು. ಮನೆಯ ಹೊರಗಿದ್ದವರಿಗೆ ಬಡಿದ ವಾಸನೆ, ಒಲೆಯ ಮುಂದೆ ನಿಂತಿದ್ದ ನನಗೆ ಬಂದಿರಲಿಲ್ಲ. ನಿಜವಾಗಿ ಹೆದರಿದೆ. ಹಾಲು ಸೀದರೆ ತಿಳಿಯದಿದ್ದುದು, ಪೇಢೆಗೆ ಪರಿಮಳವೇ ಇಲ್ಲ ಅನ್ನಿಸಿದ್ದು, ಅದೆಲ್ಲ ತಮಾಷೆಯಾಗಿತ್ತು. ಇದು ಜೀವದ ಮಾತು.

ನೇರ ಕಾಕಾರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು.

"ಬಾರವ್ವಾ ಟೀಚರ. ಚಹಾ ಮಾಡಸ್ಲೇನು?"

"ಬ್ಯಾಡ್ರಿ" ಎಂದೆ. (ಮತ್ತೆ ಚಹಾದಲ್ಲಿ ಮುಳುಗಲು ನಾನು ತಯಾರಿರಲಿಲ್ಲ.)

ಮೂಗಿನ ಕಥೆ, ಡಾಕ್ಟರ ಮಾತು, ಲೈಟರ್, ಎಲ್ಲಾ ಹೇಳಿದೆ. ಮಕ್ಕಳ ಹೆಸರನ್ನು ಮಾತ್ರ ಎತ್ತಲಿಲ್ಲ. ಮುದುಕರ ಅಭಿಮಾನಕ್ಕೆ ಪೆಟ್ಟಾದೀತು, ಆ ಮನೆಯ ನೆಮ್ಮದಿ ಹೋದೀತು ಎಂಬ ಅಂಜಿಕೆ. ಕಾಕಾ ಎಲ್ಲಾ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದರು.

"ಸಂದಿ ಕಿಡಕಿ ಏನು?"

ಯಾರು ಸೇದುತ್ತಾರೆ ಎಂದು ಕೇಳಲೇ ಇಲ್ಲ! ಅಂದರೆ ಇವರಿಗೆ ಮೊದಲೇ ಗೊತ್ತಿತ್ತು.

"ನಿಮಗ ಗೊತ್ತೈತೇನ್ರಿ ಕಾಕಾ?"

"ನನ್ನ ಮಕ್ಕಳವ್ವಾ. ಅಂಗಿ ವಾಸನಿ ತಿಳಿಯೂದಿಲ್ಲೇನು? ಗೊತ್ತೈತಿ ಅಂತ ಒಮ್ಮೆ ಅಂದ್ನಿ ಅಂದ್ರ, ನಾಳಿಂದ ಪಡಸಾಲ್ಯಾಗ ಕುಂತು ಸೇದತಾರ. ಅಂಜಿಕಿ ಇದ್ರ ದಿನಕ್ಕ ಎರಡಕ್ಕ ನಿಲ್ಲತೈತಿ. ಅದಕ್ಕ ಕುರುಡ ಆಗೇನಿ." ನಮ್ಮ ಮನೆಯ ಕಡೆ ನೋಡಿ ಹೇಳಿದರು: "ಆ ಹೊಗಿ ಯಾರ ಮನಿ ಹೊಗತೈತಿ ಅನ್ನೂದು ಮಾತ್ರ ನನ್ನ ತಲ್ಯಾಗ ಬರಲಿಲ್ಲ. ತಪ್ಪಾತವ್ವಾ."

ಎಂಬತ್ತರ ಹಿರಿಯರು ಹಾಗೆ ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. (ಸೈನಸ್ ಎಂದು ಹೇಳಿದೆ.)

ಮರುದಿನ ಬೆಳಿಗ್ಗೆ ನೋಡುತ್ತೇನೆ, ನನ್ನ ಕಿಟಕಿಯ ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ಕಾಕಾ. "ಇಲ್ಲಿ ಗಾಳಿ ಛಲೋ ಬರತೈತಿ" ಎಂದು ಮನೆಯವರಿಗೆ ಹೇಳಿದರಂತೆ. ಮನೆ ಕಟ್ಟಿದ ದಿನದಿಂದ ಆ ಸಂದಿಯಲ್ಲಿ ಒಂದು ಎಲೆ ಅಲ್ಲಾಡಿಲ್ಲ! ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಬಂದ ಬಸಣ್ಣ ಅಪ್ಪನನ್ನು ಕಂಡು ಅಲ್ಲೇ ಕಲ್ಲಾದ.

"ಏನೋ?" ಎಂದರು ಕಾಕಾ.

"ಏನಿಲ್ರಿ ಅಪ್ಪಾ, ಬೆಕ್ಕು ಈ ಕಡಿ ಬಂತೇನಂತ..."

ಅವರ ಮನೆಯಲ್ಲಿ ಬೆಕ್ಕೇ ಇಲ್ಲ.

ಬೆಳಿಗ್ಗೆ ಸಂಜೆ ಕಾಕಾ ತಪ್ಪದೆ ಕುರ್ಚಿ ಹಾಕಿದರು. ಸ್ಪ್ರೇ ಕೆಲಸ ಮಾಡತೊಡಗಿತು. ಮೊನ್ನೆ ಒಗ್ಗರಣೆ ಹಾಕುವಾಗ ಇದ್ದಕ್ಕಿದ್ದಂತೆ ಮೂಗಿಗೇನೋ ಬಡಿಯಿತು. "ರೀ, ಇಂಗು! ಇಂಗು!" ಎಂದು ಕಿರುಚಿದೆ. ನಮ್ಮವರು ಮತ್ತೆ ಗ್ಯಾಸೇ ಸೋರಿತೆಂದು ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಕಿಟಕಿಯಿಂದ ಕಾಕಾರಿಗೆ ಒಂದು ಕಪ್ಪು ಚಹಾ ದಾಟಿಸಿದೆ, ಮನಸಾರೆ.

ಇಲ್ಲಿಗೆ ಪತ್ರಿಕೆಗೆ ಬರೆಯುವ ಈ ಅಂಕಣ ಮುಗಿಯಬೇಕಿತ್ತು. ಹಿರಿಯರು ಮನಸ್ಸು ಮಾಡಿದರೆ ಒಂದು ಕುರ್ಚಿ ಸಾಕು ಎಂದು ಚಂದದ ಮಾತೊಂದನ್ನು ಬರೆಯುತ್ತಿದ್ದೆ. ಅಷ್ಟರಲ್ಲಿ ಮೆಹರೂನ್ ಆಪಾರ ಫೋನು. ಹಿನ್ನೆಲೆಯಲ್ಲಿ ಹೊಲಿಗೆ ಮಷೀನಿನ ಸಪ್ಪಳ.

"ಟೀಚರ, ನಿಮ್ಮ ಮೂಗಿನ ಡಾಕ್ಟರ ಹೆಸರೇನ್ರಿ? ತಲಿ ಹಿಡದಂಗ ಆಗೇತಿ, ಮೂಗು ಪೂರಾ ಬಂದ್."

ನಾನು ಪೆನ್ನು ಕೆಳಗಿಟ್ಟೆ. "ಆಪಾ, ನಿಮ್ಮ ಕಡಿ ಸಂದಿಗೆ ಬಸಣ್ಣ, ಮಲ್ಲಣ್ಣ ಬರಾಕತ್ತಾರೇನ್ರಿ?"

"ಹೂಂನ್ರಿ, ಬರತಾರ. ಪಾಪ, ನಿಂತ ಇರತಾರ."

"ಚಹಾ ಏನರ ಕೊಟ್ಟೀರೇನು?"

ಮಷೀನು ನಿಂತಿತು.

"ಮತ್ತ? ಕಿಡಕಿ ಮುಂದ ನಿಂತವ್ರನ್ನ ಹಂಗ ಹ್ಯಾಂಗ ಕಳಸೂದ್ರಿ ಟೀಚರ?"