ಪಳನಿಗೆ ಕೊಟ್ಟ ಜಡೆ

ಕತೆಗಳಲ್ಲಿ ಬರುವ ಹೆಂಗಸರ ಹಾಗೆ ನನ್ನ ಕೂದಲು ಮಂಡಿಗೆ ಇಳಿಯುತ್ತಿರಲಿಲ್ಲ. ಸೊಂಟ ಮುಟ್ಟುತ್ತಿತ್ತು, ಅಷ್ಟೇ. ಆದರೆ ದಪ್ಪ. ಎಣ್ಣೆ ಹಾಕಿ ಹೆಣೆದರೆ ಜಡೆ ಮಣಿಕಟ್ಟಿನ ಗಾತ್ರ ಬರುತ್ತಿತ್ತು. ತಲೆಗೆ ನೀರು ಹಾಕಿಕೊಂಡ ದಿನ ಸಂಜೆಯಾದರೂ ಒಣಗುತ್ತಿರಲಿಲ್ಲ. ಮದುವೆಯಾಗಿ ಮಧುರೆ ಸೀಮೆಯ ಗೂಡಲೂರಿಗೆ ಬಂದ ಹೊಸತರಲ್ಲಿ ಅತ್ತೆ ನನ್ನ ವಿಷಯ ಯಾರ ಹತ್ತಿರವಾದರೂ ಒಂದು ಒಳ್ಳೆಯ ಮಾತು ಆಡಿದ್ದರೆ ಅದು ಈ ಕೂದಲಿನ ಬಗ್ಗೆ ಮಾತ್ರ. ಉಳಿದಂತೆ ಅವರಿಗೂ ನನಗೂ ಅಷ್ಟಕ್ಕಷ್ಟೆ. ಜಗಳವೇನೂ ಇರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಎಷ್ಟು ಕಡಿಮೆ ಮಾತಿನಲ್ಲಿ ಬಾಳಬಹುದೋ ಅಷ್ಟರಲ್ಲಿ ವರ್ಷಗಟ್ಟಲೆ ಬಾಳಿದೆವು.

ಕೈ ಸೋತದ್ದು ನನಗೆ ಮೊದಲು ಗೊತ್ತಾದದ್ದು ದ್ರಾಕ್ಷಿ ತೋಟದಲ್ಲಿ. ನಮ್ಮ ಕಡೆ ಬಳ್ಳಿಯನ್ನು ಕಲ್ಲುಕಂಬದ ಮೇಲೆ ತಂತಿ ಬಿಗಿದ ಚಪ್ಪರಕ್ಕೆ ಹಬ್ಬಿಸುತ್ತೇವೆ. ಸವರುವುದು, ಕಟ್ಟುವುದು, ಗೊಂಚಲು ಕತ್ತರಿಸುವುದು, ಎಲ್ಲವೂ ಕೈ ಮೇಲೆತ್ತಿಕೊಂಡೇ ಮಾಡುವ ಕೆಲಸ. ತೊಂಬತ್ತರ ದಶಕ ಮುಗಿಯುತ್ತ ಬಂದ ವರ್ಷಗಳು ಅವು. ಒಂದು ಬೆಳಿಗ್ಗೆ ಗೊಂಚಲು ಕತ್ತರಿಸುತ್ತಿದ್ದಾಗ ಕತ್ತರಿ ಹಿಡಿದ ಬಲಗೈ ತಾನಾಗಿ ಕೆಳಗೆ ಬಂತು. ನೋವಿಲ್ಲ, ಜೋಮಿಲ್ಲ. ಮತ್ತೆ ಎತ್ತಿದೆ. ಮತ್ತೆ ಇಳಿಯಿತು. ಸುಸ್ತು ಎಂದುಕೊಂಡು ಎಡಗೈಯಲ್ಲಿ ಕೆಲಸ ಮುಗಿಸಿದೆ. ಒಂದೆರಡು ತಿಂಗಳಲ್ಲಿ ಎಡಗೈಯೂ ಅದೇ ದಾರಿ ಹಿಡಿಯಿತು. ಸುಮ್ಮನೆ ಕೂತಾಗ ತೋಳಿನ ಚರ್ಮದಡಿ ಎರೆಹುಳು ಹರಿದಾಡಿದ ಹಾಗೆ ಮಿಡಿತ. ಹೆಬ್ಬೆರಳಿನ ಬುಡದಲ್ಲಿದ್ದ ಮಾಂಸ ಕರಗಿ ಗುಳಿ ಬಿತ್ತು.

ಕುತ್ತಿಗೆ ಮೂಳೆ ಸವೆದಿದೆ ಎಂದು ಒಬ್ಬ ಡಾಕ್ಟರು ಪಟ್ಟಿ ಹಾಕಿಸಿದರು. ಉತ್ತಮಪಾಳಯದ ನಾಟಿ ವೈದ್ಯರು ಎಣ್ಣೆ ತಿಕ್ಕಿದರು. ನೆಂಟರ ಮನೆಯ ಒಬ್ಬ ಹೆಂಗಸು, ನನಗೆ ಕೇಳುವ ಹಾಗೆಯೇ, "ತೋಟದ ಕೆಲ್ಸ ಸಾಕಾಯ್ತು, ಅದ್ಕೆ ಕೈ ಬರಾಕಿಲ್ಲ" ಅಂದರು. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ನಾನೇ ಮನಸ್ಸು ಬಿಟ್ಟಿದ್ದೇನೋ, ಗಟ್ಟಿಯಾಗಿ ಪ್ರಯತ್ನ ಪಟ್ಟರೆ ಎತ್ತಬಹುದೋ ಎಂದು ಯಾರೂ ಇಲ್ಲದಾಗ ಗೋಡೆಗೆ ಬೆರಳು ಹಚ್ಚಿ ಮೇಲೆ ಮೇಲೆ ಹತ್ತಿಸುತ್ತಿದ್ದೆ. ಭುಜದವರೆಗೆ ಹೋಗಿ ಜಾರುತ್ತಿತ್ತು.

ಕೊನೆಗೆ ಮಧುರೆಯ ಒಬ್ಬ ನರರೋಗದ ಡಾಕ್ಟರ ಹತ್ತಿರ ಹೋದೆವು. ಸೂಜಿ ಚುಚ್ಚಿ ಏನೇನೋ ಪರೀಕ್ಷೆ ಮಾಡಿದರು. ನಾಲಿಗೆ ಹೊರಗೆ ಚಾಚಿಸಿ ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ನನ್ನ ಗಂಡನನ್ನೂ ಎದುರಿಗೆ ಕೂರಿಸಿಕೊಂಡು, ಮನೆಯಲ್ಲಿ ಕನ್ನಡವಾಡುವ ನಮಗೆ ತಿಳಿಯಲೆಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಇದು ಎ.ಎಲ್.ಎಸ್. ಎನ್ನುವ ಕಾಯಿಲೆ, ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ಇದನ್ನು ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಕೆಲವರಲ್ಲಿ ಬೇಗ ಹರಡುತ್ತದೆ, ಕೆಲವರಲ್ಲಿ ನಿಧಾನ. ನಿಮ್ಮದು ನಿಧಾನದ್ದು ಅನ್ನಿಸುತ್ತದೆ, ಆದರೆ ಮಾತು ಕೊಡಲಾರೆ.

ನನ್ನ ಗಂಡ ಮೇಜಿನ ಅಂಚು ಹಿಡಿದು ಕೂತಿದ್ದರು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ನಾನು ಗಟ್ಟಿ ಮನಸ್ಸು ಮಾಡಿ ಎತ್ತಿದ್ದರೆ ಕೈ ಬರುತ್ತಿತ್ತೇ?

"ಇಲ್ಲಮ್ಮ," ಅಂದರು ಅವರು. "ನೀವು ಎಷ್ಟು ಪ್ರಯತ್ನ ಪಟ್ಟರೂ ಬರುತ್ತಿರಲಿಲ್ಲ. ಇನ್ನು ಮೇಲೆ ಕೈಯನ್ನು ದಣಿಸಬೇಡಿ."

ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಧುರೆಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು, ನನಗೆ ಮಾತ್ರ ಎದೆಯಿಂದ ಕಲ್ಲು ಇಳಿಸಿದ ಹಾಗಿತ್ತು. ಭಯ ಬಂತು, ಆದರೆ ಆಮೇಲೆ ಬಂತು.

ಹಾಗೆಂದು ಮನೆಯವರ ಮುಂದೆ ನಾಚಿಕೆ ಹೋಗಿರಲಿಲ್ಲ. ಕೈ ಬಾಯಿಗೆ ಹತ್ತುತ್ತಿರಲಿಲ್ಲವಾಗಿ ಎಲ್ಲರದೂ ಊಟವಾದ ಮೇಲೆ ತಟ್ಟೆಯನ್ನು ಎತ್ತರದ ಕಟ್ಟೆಯ ಮೇಲಿಟ್ಟು ಬಾಯನ್ನೇ ತಟ್ಟೆಯ ಹತ್ತಿರ ಒಯ್ಯುತ್ತಿದ್ದೆ. ಜಡೆ ಹಾಕಿಕೊಳ್ಳಲು ಮಂಚದ ಮೇಲೆ ಅಡ್ಡ ಮಲಗಿ ತಲೆಯನ್ನು ಅಂಚಿನಿಂದ ಕೆಳಗೆ ಇಳಿಬಿಡುತ್ತಿದ್ದೆ. ಕೂದಲು ನೆಲದತ್ತ ಜೋಲುತ್ತಿತ್ತು, ಕೈಯೂ ಜೋಲುತ್ತಿತ್ತು, ಎರಡೂ ಒಂದನ್ನೊಂದು ಮುಟ್ಟಿದರೆ ಹೇಗೋ ಸುತ್ತಿ ಒಂದು ರಬ್ಬರು ಹಾಕುತ್ತಿದ್ದೆ.

ಅತ್ತೆ ಒಂದು ದಿನ ಒಳಗೆ ಬಂದವರು ಅದನ್ನು ನೋಡಿಬಿಟ್ಟರು. "ಎದ್ದು ಬಾ ಆಚಿಗೆ," ಅಂದರು.

ಅವರು ಜಗಲಿಯ ಮೇಲೆ ಕೂತರು, ನಾನು ಕೆಳಗಿನ ಮೆಟ್ಟಿಲ ಮೇಲೆ. ಅಂದಿನಿಂದ ನನ್ನ ತಲೆ ಬಾಚುವುದು ಅವರ ಪಾಲಿಗೆ ಬಂತು. ಎತ್ತಿನ ಮೈ ಉಜ್ಜುವ ಹಾಗೆ ಬಾಚುತ್ತಿದ್ದರು. ಅದು ಅವರ ಸಿಟ್ಟಲ್ಲ, ಅವರ ಬೆರಳಿನ ಗೆಣ್ಣುಗಳೆಲ್ಲ ವಾತದಿಂದ ಊದಿಕೊಂಡಿದ್ದವು. ಸಿಕ್ಕು ಬಿಡಿಸಲು ಬೆರಳು ಬಗ್ಗುತ್ತಿರಲಿಲ್ಲ, ಅದಕ್ಕೆ ಬಾಚಣಿಗೆಯನ್ನೇ ಜೋರಾಗಿ ಎಳೆಯುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಕೈ ಇಲ್ಲ.

ಆದರೆ ಬೆನ್ನು ಮಾಡಿಕೊಂಡು ಕೂತವಳ ಹತ್ತಿರ ಮಾತಾಡುವುದು ಸುಲಭವೋ ಏನೋ, ಅತ್ತೆ ಮಾತಾಡತೊಡಗಿದರು. ಅವರ ತವರಿನ ಮಾತು, ಸತ್ತ ಮಾವನ ಮುಂಗೋಪದ ಮಾತು, ಅಣೆಕಟ್ಟಿನ ನೀರು ಬಿಟ್ಟ ಮಾತು. ಅವರಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಸ್ನಾನ ಮಾಡಿಸುವುದೂ ಅವರೇ ಆದಾಗ ಮೊದಲ ಸಲ ನಾನು ಮೈ ಕುಗ್ಗಿಸಿಕೊಂಡು ಗೋಡೆಗೆ ಅಂಟಿ ನಿಂತೆ. ಅವರು ಚೊಂಬಿನಲ್ಲಿ ನೀರು ಹೊಯ್ಯುತ್ತ, "ಯಾಕ ಮುದುರ್ಕೋತೀಯ ಪುಳ್ಳೆ? ಎಲ್ಲಾರ್ಗೂ ಇರಾದೇ ತಾನೆ ನಿಂಗೂ ಇರಾದು," ಅಂದರು. ಪುಳ್ಳೆ ಅಂದರೆ ನಮ್ಮ ಕಡೆ ಹೆಣ್ಣುಮಗಳೇ ಎಂದು ಕರೆದ ಹಾಗೆ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಆ ಬೇಸಿಗೆ ತಲೆಯಲ್ಲಿ ಬೆವರುಗುಳ್ಳೆ ಎದ್ದವು. ಕೆರೆಯಲು ಕೈ ಹೋಗದವರಿಗೆ ತಲೆ ಕಡಿತ ಏನೆಂದು ಬೇರೆಯವರಿಗೆ ಹೇಳಿ ತಿಳಿಸಲಾಗದು. ಕಂಬಕ್ಕೆ ತಲೆ ಉಜ್ಜಿಕೊಳ್ಳುತ್ತಿದ್ದೆ. ಬೆಳಿಗ್ಗೆ ಅತ್ತೆ ಬಾಚಣಿಗೆ ಹಿಡಿಯುವ ಮುಂಚೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಸಡಿಲಿಸಿಕೊಳ್ಳುವುದನ್ನು ನೋಡಿದ ದಿನ ನಾನು ಗಂಡನಿಗೆ ಹೇಳಿದೆ, "ಈ ಕೂದ್ಲು ಕತ್ರಿಸಿಬಿಡಾನ."

ಅವರು ಕೇಳಿಸಿಕೊಳ್ಳದವರ ಹಾಗೆ ಅಂಗಿಯ ಗುಂಡಿ ಹಾಕಿಕೊಂಡರು. ಮತ್ತೆ ಹೇಳಿದೆ.

"ಮುತ್ತೈದೆ ಕೂದ್ಲು ಕತ್ರಿಸಾದಾ? ಊರ್ನೋರು ಏನಂದಾರು? ನಾನಿನ್ನೂ ಬದ್ಕಿದೀನಿ."

ಅವರು ಕೆಟ್ಟವರಲ್ಲ. ಕಾಯಿಲೆ ನನ್ನಿಂದ ಒಂದೊಂದನ್ನೇ ಕಿತ್ತುಕೊಳ್ಳುತ್ತಿರುವಾಗ ಇದನ್ನು ನಮ್ಮ ಕೈಯಾರೆ ಕೊಡುವುದು ಅವರಿಗೆ ಆಗುತ್ತಿರಲಿಲ್ಲ. ನನಗೆ ಅದು ಅರ್ಥವಾಯಿತು, ಅರ್ಥವಾಗಿಯೂ ಸಿಟ್ಟು ಬಂತು. ಅತ್ತೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದರು.

ಮಾರನೆಯ ದಿನ ಮಗನಿಗೆ ಮುದ್ದೆ ಬಡಿಸುತ್ತ ಅತ್ತೆ ಅಂದರು, "ಪಳನಿಗೆ ಓಗಿ ಬರ್ಬೇಕು. ಒಂದು ಅರಕೆ ಐತೆ."

"ಏನರಕೆ?"

"ನಿಂಗೆ ಟೈಫಾಯ್ಡ್ ಜರ ಬಂತಲ್ಲ, ಮದ್ವೆ ಆದ ಮರುವರ್ಷ. ಮಗ ಎದ್ದು ಕೂತ್ರೆ ಸೊಸೆ ಮುಡಿ ಕೊಡ್ತೀನಿ ಅಂತ ಮುರುಗನ್ಗೆ ವೇಂಡ್ಕೊಂಡಿದ್ದೆ."

ನನ್ನ ಗಂಡ ಮುದ್ದೆ ಮುರಿಯುವುದನ್ನು ಬಿಟ್ಟು ತಾಯಿಯನ್ನು ನೋಡಿದರು. "ಅವಳ ಮುಡೀನಾ? ನಿಂದು ಬಿಟ್ಟು?"

"ನನ್ ತಲೇಲಿ ಏನೈತೆ ಕೊಡಾಕೆ?"

"ಇಷ್ಟು ವರ್ಷ ಏಳ್ಲೇ ಇಲ್ವಲ್ಲಮ್ಮ."

"ನೀನು ಕೇಳ್ಳಿಲ್ಲ," ಅಂದು ಅತ್ತೆ ಅವರ ತಟ್ಟೆಗೆ ಇನ್ನಷ್ಟು ಸಾರು ಹಾಕಿದರು. "ಮುರುಗನ್ಗೆ ಕೊಟ್ಟ ಮಾತು. ಊರ್ನೋರು ಅದ್ಕೇನಂದಾರು?"

ನಿಜವೇ. ಮುತ್ತೈದೆ ಕೂದಲು ಕತ್ತರಿಸಿಕೊಂಡರೆ ನೂರು ಮಾತು. ಪಳನಿಗೆ ಮುಡಿ ಕೊಟ್ಟರೆ ಒಂದು ಮಾತೂ ಇಲ್ಲ. ನನ್ನ ಗಂಡ ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, ಯಾವತ್ತು ಹೊರಡುವುದು ಎಂದು ಕೇಳಿದರು.

ಆ ವಾರವೇ ಹೊರಟೆವು. ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲೇ ಕೊಟ್ಟಿದ್ದ ನನ್ನ ಅಕ್ಕ ತಾನೂ ಬರುತ್ತೇನೆಂದು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. "ಇದೊಂದ್ಸಲ ನಾನು ಮುಡಿಸ್ತೀನಿ," ಅಂದು ಜಡೆಯ ಬುಡದಲ್ಲಿ ಸಿಕ್ಕಿಸಿ, ಜಡೆಯನ್ನು ಹಿಡಿದುಕೊಂಡೇ ಅಳತೊಡಗಿದಳು. ಸುತ್ತ ಜನ.

"ಅಳಬ್ಯಾಡ ಕಣ್ಣು," ಅಂದರು ಅತ್ತೆ, ಕೂಸನ್ನು ಮುದ್ದಿನಿಂದ ಕರೆಯುವ ಹಾಗೆ. "ಉಲ್ಲು ಅದು. ಕೊಯ್ದಂಗೆ ಬೆಳೀತದೆ."

ಪಳನಿಯಲ್ಲಿ ಬೆಟ್ಟದ ಬುಡದಲ್ಲಿ ಸಾಲಾಗಿ ಕೂತ ಕ್ಷೌರಿಕರು. ಕಿರಿಚುವ ಕೂಸುಗಳು, ಮುದುಕರು, ನನ್ನ ವಯಸ್ಸಿನ ಹೆಂಗಸರು. ನನ್ನ ಪಾಲಿಗೆ ಬಂದವರು ತಲೆಗೆ ತಣ್ಣೀರು ಹಚ್ಚಿ ಅಂಗೈಯಲ್ಲಿ ಚೆನ್ನಾಗಿ ತಿಕ್ಕಿದರು. ಎಷ್ಟೋ ದಿನದಿಂದ ಕಡಿಯುತ್ತಿದ್ದ ಜಾಗಗಳಿಗೆಲ್ಲ ಆ ಅಂಗೈ ಹೋಯಿತು. ಸುಖಕ್ಕೆ ನನಗೆ ಕಣ್ಣು ಮುಚ್ಚಿತು. ಆಮೇಲೆ ಕತ್ತಿ ಕೆರೆಯುವ ಸದ್ದು. ಮಡಿಲಿಗೆ ಒದ್ದೆ ಕೂದಲು ಬಿತ್ತು, ಮಲ್ಲಿಗೆ ಸಮೇತ. ಅಕ್ಕ ಹೂವನ್ನು ತೆಗೆಯಲು ಮರೆತಿದ್ದಳು.

ದುಃಖ ಬರುತ್ತದೆಂದು ಕಾದೆ. ಬಂದದ್ದು ಗಾಳಿ. ಬೋಳು ತಲೆಗೆ ಬೆಟ್ಟದ ಗಾಳಿ ತಗುಲಿದ ಕೂಡಲೇ ಬೆನ್ನಿನ ತನಕ ತಂಪಾಯಿತು. ಕುತ್ತಿಗೆ ತಾನಾಗಿ ನೆಟ್ಟಗಾಯಿತು; ಅಷ್ಟು ಭಾರ ಹೊತ್ತಿದ್ದೆನೆಂದು ಇಳಿದ ಮೇಲೆಯೇ ತಿಳಿದದ್ದು. ನಾನು ನಕ್ಕುಬಿಟ್ಟೆ. ನಾನು ನಕ್ಕದ್ದು ನೋಡಿ, ಸೆರಗಿನಲ್ಲಿ ಮೂಗು ಒರೆಸುತ್ತಿದ್ದ ಅಕ್ಕನೂ ನಕ್ಕಳು. ಅತ್ತೆ ನನ್ನ ತಲೆಗೆ ಗಂಧ ಹಚ್ಚುತ್ತ ಒಂದು ಸಲ ಪೂರ್ತಿ ಸವರಿ ನೋಡಿದರು. "ಕೂಸಾಗಿ ಉಟ್ಟಾಗ ಇಂಗೇ ಇದ್ದಿರ್ಬೇಕು ನೀನು," ಅಂದರು.

ಮೆಟ್ಟಿಲು ಹತ್ತುವಾಗ ಆಯ ತಪ್ಪಿದರೆ ಹಿಡಿದುಕೊಳ್ಳಲು ನನಗೆ ಕೈಯಿಲ್ಲವಾಗಿ ಹಳಿಯ ಮೇಲೆ ಉಕ್ಕಿನ ಹಗ್ಗ ಎಳೆಯುವ ವಿಂಚ್ ಗಾಡಿಯಲ್ಲಿ ಮೇಲೆ ಹೋದೆವು. ಸಾಲಿನಲ್ಲಿ ಗಂಧ ಬಳಿದ ತಲೆಗಳೇ. ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಕಾಯಿಲೆ ಶುರುವಾದ ಮೇಲೆ ನಾನು ಗುಂಪಿನಲ್ಲಿ ಒಬ್ಬಳಾಗಿ ನಿಂತದ್ದು ಅಂದೇ. ಸನ್ನಿಧಿಯ ಮುಂದೆ ಎಲ್ಲರೂ ಕೈ ಮುಗಿದರು. ನನ್ನವು ಎರಡೂ ಪಕ್ಕದಲ್ಲಿ ಜೋತಾಡುತ್ತಿದ್ದವು. ಅತ್ತೆ ಹಿಂದಿನಿಂದ ಬಂದು ಎರಡನ್ನೂ ಎತ್ತಿ, ಒಂದಕ್ಕೊಂದು ಜೋಡಿಸಿ, ತಮ್ಮ ಊದಿದ ಬೆರಳುಗಳಲ್ಲಿ ಹಿಡಿದುಕೊಂಡು ನಿಂತರು.

ಹೊರಗೆ ಬಂದು ನೆರಳಲ್ಲಿ ಕೂತಾಗ ಕೇಳಿದೆ, "ಅತ್ತೆ, ನಿಜವಾಗ್ಲೂ ವೇಂಡ್ಕೊಂಡಿದ್ರಾ?"

"ಕೇಳಿಸ್ಕೊಂಡೋನು ಒಳಗವ್ನೆ. ಅವನ್ನೇ ಕೇಳು."

ಬೆಟ್ಟ ಇಳಿದು ಒಂದು ಹೋಟೆಲಿಗೆ ಹೋದೆವು. ಹೊರಗೆ ಎಲ್ಲೂ ತಿನ್ನುವುದನ್ನು ನಾನು ಬಿಟ್ಟೇ ಬಹಳ ದಿನವಾಗಿತ್ತು. ಹಸಿವಿಲ್ಲ ಎನ್ನುತ್ತಿದ್ದೆ. ಅಂದೂ ಅದನ್ನೇ ಹೇಳಲು ಬಾಯಿ ತೆರೆದೆ, ಆದರೆ ಬೇರೆ ಮಾತು ಬಂತು. "ನಂಗೆ ತಿನ್ನಿಸ್ತೀರಾ?" ಎಂದು ಗಂಡನನ್ನು ಕೇಳಿದೆ. ಅವರು ಸುತ್ತ ಒಮ್ಮೆ ನೋಡಿದರು. ಪಕ್ಕದ ಮೇಜಿನಲ್ಲಿ ಒಬ್ಬ ತಂದೆ ಮುಡಿ ಕೊಟ್ಟು ಬೋಳುತಲೆಯಾಗಿದ್ದ ಪುಟ್ಟ ಮಗಳಿಗೆ ಪೂರಿ ಮುರಿದು ಕೊಡುತ್ತಿದ್ದ. ಇವರು ಇಡ್ಲಿಯನ್ನು ಸಾಂಬಾರಿನಲ್ಲಿ ಮೆತ್ತಗೆ ಮಾಡಿ ತುತ್ತು ಎತ್ತಿದರು. ಮೊದಲನೆಯದು ಗದ್ದಕ್ಕೆ ಚೆಲ್ಲಿತು. ಎರಡನೆಯದಕ್ಕೆ ಇಬ್ಬರಿಗೂ ಅಳತೆ ಸಿಕ್ಕಿತು. ಹೊಟ್ಟೆ ತುಂಬ ತಿಂದೆ.

ಅದೆಲ್ಲ ಕಳೆದು ಕೆಲವು ವರ್ಷಗಳಾದವು. ಆ ಡಾಕ್ಟರು ಅಂದುಕೊಂಡದ್ದು ಇಲ್ಲಿಯವರೆಗೆ ಸರಿಯಾಗಿದೆ, ಕಾಯಿಲೆ ಅವಸರ ಮಾಡಿಲ್ಲ. ಮಾತು ಸ್ವಲ್ಪ ತೊದಲುತ್ತದೆ, ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಕಾಲು ಇನ್ನೂ ನಡೆಸುತ್ತದೆ. ಸೀರೆ ಬಿಟ್ಟು ನೈಟಿಗೆ ಬಂದಾಗ ಯಾವ ದೇವರ ಹೆಸರೂ ಬೇಕಾಗಲಿಲ್ಲ, ನಾನೇ ಹೇಳಿದೆ, ನನ್ನ ಗಂಡನೇ ತಂದುಕೊಟ್ಟರು. ಮುಂದೆ ಇನ್ನೂ ಬಿಡಬೇಕಾದವು ಇವೆ. ಅವನ್ನು ನೆನೆದು ಹೆದರುವ ದಿನಗಳೂ ಇವೆ, ಇಲ್ಲ ಅನ್ನಲಾರೆ. ಆದರೆ ಬೇಕಾದ್ದನ್ನು ಕೇಳಲು ಈಗ ಬಾಯಿ ಬರುತ್ತದೆ.

ಪಳನಿಯಿಂದ ಬಂದ ಆರೇಳು ತಿಂಗಳಿಗೆ, ಕೂದಲು ಬೆರಳುದ್ದ ಬೆಳೆದು ಕಿವಿ ಮುಟ್ಟುವ ಹೊತ್ತಿಗೆ, ಅತ್ತೆ ಒಂದು ದಿನ ತಲೆ ಸವರಿ, "ಇನ್ನೊಂದು ಅರಕೆ ಇದ್ದಂಗೆ ನೆಪ್ಪು," ಅಂದರು. ಜಗಲಿಯಲ್ಲಿ ಕೂತಿದ್ದ ನನ್ನ ಗಂಡ ಏನೂ ಕೇಳದೆ ಎದ್ದು ಬಸ್ಸಿನ ಹೊತ್ತು ವಿಚಾರಿಸಲು ಹೋದರು.